ನಡುವೆ ಉಳಿದ ಒಂದು ಎಳೆ

ನಾನು ಹುಟ್ಟಿದ್ದು ಬೋರಗಾಂವದಲ್ಲಿ. ಆಗ ನಮ್ಮದು ಚಿಕ್ಕೋಡಿ ತಾಲೂಕು. ಕಚೇರಿಯ ಕೆಲಸವಿದ್ದರೆ ಚಿಕ್ಕೋಡಿಗೆ, ತಂಬಾಕಿನ ವ್ಯವಹಾರವಿದ್ದರೆ ನಿಪ್ಪಾಣಿಗೆ ಹೋಗುತ್ತಿದ್ದೆವು. ಆದರೆ ಪ್ಯಾಟಿ ಎಂದರೆ ನಮ್ಮ ಓಣಿಯವರಿಗೆಲ್ಲ ಇಚಲಕರಂಜಿಯೇ. ಅದು ಬೇರೆ ರಾಜ್ಯಕ್ಕೆ ಸೇರಿದ್ದು ಎಂಬುದು ಶಾಲೆಯ ನಕಾಶೆ ನೋಡಿದಾಗ ಗೊತ್ತಾಗುತ್ತಿತ್ತೇ ಹೊರತು ಬಸ್ಸಿನಲ್ಲಿ ಕೂತಾಗ ಯಾವತ್ತೂ ಗೊತ್ತಾಗಲಿಲ್ಲ. ದೂಧಗಂಗಾ ದಾಟಿದರೆ ಒಂದು ಹೊಳೆ ಮುಗಿಯಿತು, ಪಂಚಗಂಗಾ ದಾಟಿದರೆ ಎರಡನೆಯದು, ಅಷ್ಟರಲ್ಲಿ ಊರು ಬಂದೇ ಬಿಡುತ್ತಿತ್ತು. ಈ ದಂಡೆಯಲ್ಲಿ ಕನ್ನಡದಲ್ಲಿ ಚಿಲ್ಲರೆ ಕೇಳಿದ ಕಂಡಕ್ಟರ್ ಆ ದಂಡೆಯಲ್ಲಿ ಮರಾಠಿಯಲ್ಲಿ ಸಿಡುಕುತ್ತಿದ್ದ, ಇಷ್ಟೇ ವ್ಯತ್ಯಾಸ.

ಆ ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಬಸ್ಸು ಪಂಚಗಂಗೆಯ ಸೇತುವೆ ಏರುವಾಗ ಗುಂಯ್ ಎನ್ನುವ ಒಂದೇ ಸದ್ದು. ಇಳಿದು ಓಣಿ ಹೊಕ್ಕರೆ ಅದು ಬಿಡಿಬಿಡಿಯಾಗಿ ಖಟಪಟ ಖಟಪಟ ಎನ್ನತೊಡಗುತ್ತಿತ್ತು. ಕೆಳಗೆ ಮಗ್ಗ, ಮೇಲೆ ಸಂಸಾರ. ಕೂಸುಗಳು ಆ ಗದ್ದಲದಲ್ಲೇ ನಿದ್ದೆ ಹೋಗುತ್ತಿದ್ದವು, ಗದ್ದಲ ನಿಂತರೆ ಎದ್ದು ಅಳುತ್ತಿದ್ದವು. ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆಗಳ ಚಿಮಣಿ ಹೊಗೆ ತಲೆಯ ಮೇಲೆ, ಕೈಗಾಡಿಗಳಲ್ಲಿ ಬೀಮುಗಳು, ಅಂದರೆ ಮಗ್ಗಕ್ಕೆ ಹಾಕುವ ನೂಲು ಸುತ್ತಿದ ದಪ್ಪ ಉರುಳೆಗಳು, ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು. ಮಂದಿಯ ತಲೆಗೂದಲಲ್ಲಿ ಯಾವಾಗಲೂ ಹತ್ತಿಯ ಧೂಳು ಇರುತ್ತಿದ್ದುದರಿಂದ ಹರೆಯದ ಗಂಡಸರೂ ಸಂಜೆಯ ಹೊತ್ತಿಗೆ ಮುದುಕರಾಗಿಬಿಡುತ್ತಿದ್ದರು. ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಮೊದಲ ವಾರ ನಾನು ಅವರೆಲ್ಲ ಜಗಳಾಡುತ್ತಿದ್ದಾರೆ ಎಂದುಕೊಂಡಿದ್ದೆ.

ನಾನೂ ನನ್ನ ವೈನಿಯೂ, ಅಂದರೆ ಅಣ್ಣನ ಹೆಂಡತಿ, ಕೆಲಸಕ್ಕಿದ್ದ ಮಗ್ಗದ ಶೆಡ್ಡಿನ ಮಾಲಕರಿಗೆ ಎಪ್ಪತ್ತರ ಆಸುಪಾಸು. ಊಟದ ಬಿಡುವಿನಲ್ಲಿ ಯಾರಾದರೂ ಸಿಕ್ಕರೆ ಸಾಕು, ಊರಿನ ಕಥೆ ಹೇಳಲು ಶುರು ಮಾಡುತ್ತಿದ್ದರು. ನಾವು ಕಾಕಾ ಎನ್ನುತ್ತಿದ್ದೆವು. ಅವರು ಹೇಳಿದ್ದರಲ್ಲಿ ಎಷ್ಟು ಖರೆ, ಎಷ್ಟು ಒಗ್ಗರಣೆ ನನಗೆ ಗೊತ್ತಿಲ್ಲ. ಹಿಂದೆ ಅದು ಹೊಳೆದಂಡೆಯ ಸಣ್ಣ ಜಹಗೀರಂತೆ. ಜಹಗೀರದಾರರು ನೇಕಾರರನ್ನು ಕರೆಸಿ ಜಾಗ ಕೊಟ್ಟರಂತೆ. ಆಮೇಲೆ ಒಬ್ಬ ಗೃಹಸ್ಥರು ಯಂತ್ರದ ಮಗ್ಗ ತರಿಸಿದಾಗ ಸುತ್ತಲ ಹಳ್ಳಿಗಳ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದಿದ್ದರಂತೆ. ಒಬ್ಬ ಮುದುಕ ಮಗ್ಗದ ಹಿಂದೆ ಹೋಗಿ, ಒಳಗೆ ಕೂತು ನೇಯುತ್ತಿರುವವನು ಯಾರು ಎಂದು ಹುಡುಕಿದನಂತೆ. ಆಮೇಲೆ ಒಂದರ ಹಿಂದೆ ಒಂದು ಮಗ್ಗ ಬಂದವು. ಧೋತರ ಬಂತು, ಸೀರೆ ಬಂತು, ಪಾಪಲೀನು ಬಂತು. ಸೊಲ್ಲಾಪುರದ ಕಡೆಯಿಂದ ತೆಲುಗರು, ಉತ್ತರದಿಂದ ಹಿಂದಿಯವರು, ಹೊಳೆಯಾಚೆಯಿಂದ ನಾವು. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಮಾಲಕರು ಎದೆ ಉಬ್ಬಿಸಿ ಹೇಳುತ್ತಿದ್ದರು. ಅವರೂ ಮ್ಯಾಂಚೆಸ್ಟರ್ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ, ಆದ್ದರಿಂದ ತಕರಾರು ಬರಲಿಲ್ಲ.

ಪಂಚಗಂಗೆ ಇಲ್ಲದಿದ್ದರೆ ಗಂಜಿಯಿಲ್ಲ, ಬಣ್ಣವಿಲ್ಲ, ಊರೇ ಇಲ್ಲ ಎಂದೂ ಹೇಳುತ್ತಿದ್ದರು. ನಾವು ನೋಡುವ ಕಾಲಕ್ಕೆ ದಂಡೆಯ ನೀರು ಒಂದು ದಿನ ನೀಲಿ, ಇನ್ನೊಂದು ದಿನ ಕೆಂಪು. ಹೊಳೆಯ ಇಷ್ಟು ಉಪಕಾರ ಹೊತ್ತವರು ಅದಕ್ಕೆ ಹೀಗೇಕೆ ಮಾಡುತ್ತೀರಿ ಎಂದು ನಾನೊಮ್ಮೆ ಕೇಳಿಬಿಟ್ಟೆ. ಮಾಲಕರು ಊಟದ ಡಬ್ಬಿ ಮುಚ್ಚಿ ಎದ್ದು ಹೋದರು. ನನ್ನ ಬಾಯಿ ಅಂಥದು.

ಆದರೂ ಆ ಊರನ್ನು ನಾನು ಪ್ರೀತಿಸಿದೆ. ನೀನು ಯಾರವಳು, ಯಾವ ಜಾತಿ, ಎಷ್ಟು ಹೊಲವಿದೆ ಎಂದು ಅದು ಕೇಳುತ್ತಿರಲಿಲ್ಲ. ಕೈ ನೋಡುತ್ತಿತ್ತು. ಕೈಯಲ್ಲಿ ಕಸುಬಿದ್ದರೆ ಜಾಗ ಕೊಡುತ್ತಿತ್ತು. ಹೆಂಗಸರ ಕೈಗಳನ್ನು ಮಾತ್ರ ಕಾಂಡಿ ಮಿಷನ್ನಿನವರೆಗೆ ನೋಡಿ ಅಲ್ಲಿಗೇ ಬಿಟ್ಟುಬಿಡುತ್ತಿತ್ತು. ಕಾಂಡಿ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ಪುಟ್ಟ ಕೋಲು. ಅದಕ್ಕೆ ನೂಲು ಸುತ್ತಿ ಸುತ್ತಿ ಬುಟ್ಟಿ ತುಂಬಿಸಿ ಮಗ್ಗದವರಿಗೆ ಕೊಡುವುದು ಹೆಂಗಸರ ಕೆಲಸ. ಮಗ್ಗ ಗಂಡಸರದು. ಮಗ್ಗಕ್ಕೆ ಬೀಮು ಕೂಡಿಸುವುದಂತೂ ಗಂಡಸರಲ್ಲೂ ಕೆಲವರದು.

ನಾನು ಮತ್ತು ವೈನಿ ಎಂಬತ್ತರ ದಶಕದ ಕೊನೆಯಲ್ಲಿ ದಿನಾ ಬಸ್ಸಿನಲ್ಲಿ ಬಂದು ಆ ಶೆಡ್ಡಿನಲ್ಲಿ ಕಾಂಡಿ ಸುತ್ತುತ್ತಿದ್ದೆವು. ನನಗೆ ಇಪ್ಪತ್ತೆರಡು, ಅವಳಿಗೆ ನನಗಿಂತ ಐದಾರು ಹೆಚ್ಚು. ವೈನಿಯ ತವರು ರಬಕವಿಯ ಕಡೆ, ಕೈಮಗ್ಗದ ಮನೆತನ. ಅಲ್ಲಿ ಮಗ್ಗದ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹೆಂಗಸರೇ ಕೆಚ್ಚುವುದು ರೂಢಿ. ಇಬ್ಬರು ಎರಡು ಅಂಚಿನಲ್ಲಿ ಕೂತು ಶುರು ಮಾಡಿ ನಡುವಿಗೆ ಬರಬೇಕು. ಕೊನೆಯ ಎಳೆಯನ್ನು ಇಬ್ಬರೂ ಸೇರಿ ಹೊಸೆದು, ಒಬ್ಬರ ಬಾಯಿಗೆ ಒಬ್ಬರು ಬೆಲ್ಲ ಹಾಕಬೇಕು. ಅಣ್ಣ ನಮ್ಮ ದನದ ಕೊಟ್ಟಿಗೆಯಲ್ಲಿ ನಾಲ್ಕು ಹಳೆಯ ಪವರ್‌ಲೂಮ್ ಹಾಕಿದಾಗ ವೈನಿ ಈ ವಿದ್ಯೆಯನ್ನು ನನಗೆ ಕಲಿಸಿದಳು. ಬೋರಗಾಂವದ ಹತ್ತಾರು ಮನೆಗಳ ಬೀಮು ನಾವಿಬ್ಬರೇ ಕೂಡಿಸಿಕೊಟ್ಟಿದ್ದೆವು. ಊರಲ್ಲಿ ಅದನ್ನು ಯಾರೂ ಕಸುಬು ಎಂದು ಎಣಿಸಲಿಲ್ಲ. ನೆರೆಯವಳು ಶ್ಯಾವಿಗೆ ಹೊಸೆಯಲು ಕರೆದ ಹಾಗೆ ಕರೆಯುತ್ತಿದ್ದರು, ಚಹಾ ಕುಡಿಸಿ ಕಳಿಸುತ್ತಿದ್ದರು.

ಇಚಲಕರಂಜಿಯಲ್ಲಿ ಅದೇ ಕೆಲಸಕ್ಕೆ ಹೆಸರಿತ್ತು, ಮರ್ಯಾದೆಯಿತ್ತು. ಬೀಮು ಕೂಡಿಸುವವರು ಬಂದರೆ ಮಾಲಕರೇ ಎದ್ದು ಜಾಗ ಮಾಡಿಕೊಡುತ್ತಿದ್ದರು. ನಾನು ಕಾಂಡಿ ಮಿಷನ್ನಿನ ಹತ್ತಿರ ನಿಂತು ಅವರನ್ನು ನೋಡುತ್ತಿದ್ದೆ. ನಮಗಿಂತ ನಿಧಾನ. ಒಂದು ಅಂಚಿನಿಂದ ಶುರು ಮಾಡಿ ಮತ್ತೊಂದು ಅಂಚಿಗೆ ಹೋಗುತ್ತಿದ್ದರು, ನಡುವೆ ನಾಲ್ಕು ಸಲ ಬೀಡಿಗೆ ಏಳುತ್ತಿದ್ದರು. ಆ ಜಾಗ ನಮ್ಮದು ಎಂದು ದಿನಾ ಅನ್ನಿಸುತ್ತಿತ್ತು.

ಒಂದು ದಿನ ಅದು ಬಾಯಿಂದ ಹೊರಬಿತ್ತು. ಜಾಬರ್ ಅಲ್ಲೇ ಇದ್ದ. ಜಾಬರ್ ಎಂದರೆ ಶೆಡ್ಡಿನ ಮಗ್ಗಗಳನ್ನೆಲ್ಲ ರಿಪೇರಿ ಮಾಡಿ ಓಡಿಸುವವನು, ಮಾಲಕರ ನಂತರ ಅವನ ಮಾತೇ ಮಾತು. ಅವನು ಸದಲಗಾದವನು, ನಮ್ಮ ಕಡೆಯವನೇ, ಅದಕ್ಕೇ ಇರಬೇಕು ನಮ್ಮನ್ನು ಕಂಡರೆ ಹೆಚ್ಚು ಬಿಗುಮಾನ. ಎಲ್ಲರಿಗೂ ಕೇಳುವ ಹಾಗೆ ನಕ್ಕ. ರೊಟ್ಟಿ ಬಡಿಯುವ ಕೈಗೂ ಬೀಮು ಕೂಡಿಸುವ ಕೈಗೂ ಫರಕಿದೆ ಎಂದ. ನಾನೂ ಬಿಡಲಿಲ್ಲ, ರೊಟ್ಟಿ ಬಡಿಯದ ಕೈಗೆ ಫರಕು ಹೇಗೆ ಗೊತ್ತಾಯಿತು ಎಂದೆ. ವೈನಿ ನನ್ನ ಸೆರಗು ಎಳೆದಳು. ಮಾಲಕರು ದೂರದಿಂದ ನೋಡುತ್ತಿದ್ದರು.

ಅದಾಗಿ ಕೆಲವು ವಾರಕ್ಕೆ ನಮ್ಮ ದಿನ ಬಂತು. ವಾರಕ್ಕೊಂದು ದಿನ ಊರಿಗೆಲ್ಲ ಕರೆಂಟಿನ ರಜೆ ಇರುತ್ತಿತ್ತು. ಮಗ್ಗ ನಿಲ್ಲುವ ದಿನವೇ ಬೀಮು ಕೂಡಿಸಲು ಅನುಕೂಲ, ಹಾಗಾಗಿ ಅವತ್ತು ಕೂಡಿಸುವವರಿಗೆ ಎಲ್ಲಿಲ್ಲದ ಬೇಡಿಕೆ. ಆ ವಾರ ನಮ್ಮ ಶೆಡ್ಡಿನ ಬೀಮು ಕೂಡಿಸುವ ಇಬ್ಬರೂ ಕಬ್ಬಿನ ಕೆಲಸಕ್ಕೆಂದು ಬೇಡಕಿಹಾಳಕ್ಕೆ ಹೋಗಿಬಿಟ್ಟಿದ್ದರು, ಬೇರೆಯವರು ಸಿಗಲಿಲ್ಲ. ಎರಡನೇ ಮಗ್ಗದ ಬೀಮು ಖಾಲಿಯಾಗಿ ನಿಂತಿತ್ತು. ರಜೆಯ ಹಿಂದಿನ ದಿನ ಮಾಲಕರು ನಮ್ಮನ್ನು ಕರೆಸಿದರು. ನಾಳೆ ಸಂಜೆ ಕರೆಂಟು ಬರುವ ಹೊತ್ತಿಗೆ ಮಗ್ಗ ಸಿದ್ಧವಿರಬೇಕು ಎಂದರು. ಸರಿಹೋದರೆ ಮುಂದೆ ಶೆಡ್ಡಿನ ಬೀಮು ನಮಗೇ. ತಪ್ಪಿದರೆ ಮತ್ತೆ ಆ ಮಾತು ಎತ್ತಬಾರದು, ಕಾಂಡಿ ಸುತ್ತಿಕೊಂಡು ಇರಬೇಕು. ಈ ಎರಡನೆಯ ಷರತ್ತು ಜಾಬರ್‌ನದು.

ಮರುದಿನ ಬೆಳಿಗ್ಗೆ ಸೇತುವೆಯ ಮೇಲೆ ಬಸ್ಸು ಬಂದಾಗ ಗುಂಯ್ ಎನ್ನುವ ಸದ್ದಿರಲಿಲ್ಲ. ಅಂಥ ದೊಡ್ಡ ಊರು ಸುಮ್ಮನಿರುವುದನ್ನು ನಾನು ಕೇಳಿದ್ದು ಅದೇ ಮೊದಲು, ಯಾಕೆಂದರೆ ರಜೆಯ ದಿನ ಕಾಂಡಿಯವರು ಬರುತ್ತಿರಲಿಲ್ಲ. ಹೊಳೆಯಲ್ಲಿ ಎಮ್ಮೆ ಮೈತೊಳೆಯುವವನ ಬೈಗುಳ ಮೇಲಿನವರೆಗೆ ಕೇಳಿಸಿತು. ಓಣಿಯಲ್ಲಿ ಗಂಡಸರು ಕಟ್ಟೆಯ ಮೇಲೆ ಕೂತು ಕೂಗದೆ ಮಾತಾಡುತ್ತಿದ್ದರು. ಊರಿಗೆ ತನ್ನದೇ ದನಿ ಇತ್ತು ಎಂಬುದು ಆಗ ತಿಳಿಯಿತು.

ಶೆಡ್ಡಿನಲ್ಲಿ ಮೇಲಿನ ಗಾಜಿನ ಹಂಚಿನಿಂದ ಬಿಸಿಲು ಬೀಳುತ್ತಿತ್ತು. ವೈನಿ ಎಡ ಅಂಚಿಗೆ, ನಾನು ಬಲ ಅಂಚಿಗೆ ಕೂತೆವು. ಮನೆಯಿಂದ ತಂದ ಕುಳ್ಳಿನ ಬೂದಿಯನ್ನು ನಡುವೆ ಇಟ್ಟುಕೊಂಡೆವು. ಬಿಳಿ ಪಾಪಲೀನಿನ ಹಾಸು, ಎರಡು ಸಾವಿರಕ್ಕೂ ಮೇಲೆ ಎಳೆ. ಹಳೆಯದೊಂದು ಎತ್ತು, ಹೊಸದೊಂದು ಎತ್ತು, ಹೊಸೆ, ಮಡಚು, ಬಿಡು. ಮೊದಲ ನೂರು ಎಳೆ ತನಕ ಬೆರಳುಗಳನ್ನು ನೋಡಿ ನೋಡಿ ಹೊಸೆದೆ. ಆಮೇಲೆ ಅವು ತಮ್ಮಷ್ಟಕ್ಕೆ ತಾವು ನಡೆದವು. ಜಾಬರ್ ನಾಲ್ಕೈದು ಸಲ ಬಂದು ಹಿಂದೆ ನಿಂತು ಹೋದ. ಎರಡು ಕಡೆಯಿಂದ ಶುರು ಮಾಡಿದ್ದು ನೋಡಿ ತಲೆ ಅಲ್ಲಾಡಿಸಿದ. ಊಟದ ಹೊತ್ತು ಮೀರಿದರೂ ನಾವು ಏಳಲಿಲ್ಲ.

ಮಧ್ಯಾಹ್ನ ಇಳಿಯುವಾಗ ನಮ್ಮಿಬ್ಬರ ಮೊಣಕಾಲು ತಾಗಿದವು. ಕೊನೆಯ ಹಳೆ ಎಳೆಗೆ ಹೊಸ ಎಳೆ ಸೇರಿಸಿ ಇಬ್ಬರೂ ಹೊಸೆದೆವು. ವೈನಿ ಸೆರಗಿನಿಂದ ಬೆಲ್ಲ ಬಿಚ್ಚುತ್ತಿದ್ದಳು. ಆಗ ನೋಡಿದೆ. ಹೊಸ ಬೀಮಿನಿಂದ ಬಂದ ಇನ್ನೂ ಒಂದು ಎಳೆ ನಡುವೆ ಜೋತುಬಿದ್ದಿತ್ತು. ಅದಕ್ಕೆ ಜೋಡಿಯೇ ಇರಲಿಲ್ಲ.

ಒಂದು ಎಳೆ ಉಳಿದಿದೆ ಎಂದರೆ ಎಲ್ಲೋ ಒಂದು ಕಡೆ ತಪ್ಪಿದ್ದೇವೆ ಎಂದರ್ಥ. ನೀನು ಎರಡು ಹಳೆ ಎಳೆಗೆ ಒಂದೇ ಕೂಡಿಸಿದ್ದೀ ಎಂದು ವೈನಿ ನನ್ನ ಮೇಲೆ ಹಾಕಿದಳು, ನಾನು ಅವಳ ಮೇಲೆ ಹಾಕಿದೆ. ಪಿಸುದನಿಯಲ್ಲೇ ಒಂದು ಸಣ್ಣ ಯುದ್ಧ ಆಯಿತು. ಇಬ್ಬರೂ ನಮ್ಮ ನಮ್ಮ ಕಡೆ ಬೆರಳಾಡಿಸಿ ನೋಡಿದೆವು. ಜೋಡು ಎಲ್ಲಿಯೂ ಸಿಗಲಿಲ್ಲ. ಅಷ್ಟರಲ್ಲಿ ಹೊರಗೆ ಜಾಬರ್‌ನ ಚಪ್ಪಲಿ ಸದ್ದು ಕೇಳಿಸಿತು.

ವೈನಿ ನನ್ನ ಕಿವಿಯ ಹತ್ತಿರ ಬಾಗಿದಳು. "ಕತ್ತರಿಸಿ ಒಗದ ಬಿಡ ಬೇ. ಎರಡ ಸಾವಿರದಾಗ ಒಂದ ಎಳಿ. ಯಾರ ನೋಡ್ತಾರ?"

ಅವಳದು ಸುಳ್ಳಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು. ಕತ್ತರಿ ನನ್ನ ತೊಡೆಯ ಮೇಲೇ ಇತ್ತು. ಆದರೆ ನನಗೆ ಸಿಟ್ಟು ಬಂದಿತ್ತು. ತಪ್ಪು ನಮ್ಮದಾದರೆ ಅದು ಎಲ್ಲಿದೆ ಎಂದು ನನಗೆ ಗೊತ್ತಾಗಬೇಕು, ನಮ್ಮದಲ್ಲವಾದರೆ ಅದನ್ನು ನಾನು ಯಾಕೆ ಮುಚ್ಚಬೇಕು? ಇವತ್ತು ಕತ್ತರಿಸಿ ಒಗೆದು ಆ ಜಾಗ ಗೆದ್ದರೂ, ಕೂತಾಗಲೆಲ್ಲ ಆ ಒಂದು ಎಳೆ ಚುಚ್ಚುತ್ತದೆ. ಕತ್ತರಿ ವೈನಿಯ ಕೈಗೆ ಕೊಟ್ಟು ಎದ್ದೆ.

ಎಳೆಗಳನ್ನು ಎಣಿಸುತ್ತ ಕೂತರೆ ಬೆಳಗಾಗುತ್ತದೆ. ಆದರೆ ಮಗ್ಗದ ಮುಂಭಾಗದಲ್ಲಿ ಹಳೆಯ ಬೀಮಿನಿಂದ ನೇಯ್ದ ಬಟ್ಟೆ ಇನ್ನೂ ಸುತ್ತಿಕೊಂಡೇ ಇತ್ತು. ಹಳೆಯ ಹಾಸಿನಲ್ಲಿ ಏನು ಕೊರತೆಯಿದ್ದರೂ ಬಟ್ಟೆ ಹೇಳಲೇಬೇಕು. ಸೀರೆ ಎತ್ತಿ ಕಚ್ಚೆಯ ಹಾಗೆ ಸಿಕ್ಕಿಸಿಕೊಂಡು ಮಗ್ಗದ ಅಡಿಗೆ ನುಸುಳಿದೆ. ನೆಲದ ಎಣ್ಣೆ ಬೆನ್ನಿಗೆಲ್ಲ ಮೆತ್ತಿಕೊಂಡಿತು. ಅಂಗಾತ ಮಲಗಿ ಮೇಲೆ ನೋಡಿದೆ. ಗಾಜಿನ ಹಂಚಿನ ಬಿಸಿಲು ಬಟ್ಟೆಯ ಮೇಲೆ ಬೀಳುತ್ತಿತ್ತು. ಬಿಳಿ ಬಟ್ಟೆಯಲ್ಲಿ ನಡುವಿನಿಂದ ಬಲಕ್ಕೆ ಒಂದೂವರೆ ಗೇಣು ದೂರದಲ್ಲಿ ಕೂದಲಷ್ಟು ಸಣ್ಣ ಬೆಳಕಿನ ಗೀರು ಉದ್ದಕ್ಕೂ ಹೋಗಿತ್ತು. ಆ ಜಾಗದಲ್ಲಿ ಎಳೆಯೇ ಇರಲಿಲ್ಲ.

ನಾನು ಅಡಿಯಲ್ಲಿ ಮಲಗಿಕೊಂಡೇ ಜೋರಾಗಿ ನಕ್ಕುಬಿಟ್ಟೆ. ಅಲ್ಲಿಗೇ ಜಾಬರ್ ಬಂದ. ಮಗ್ಗದ ಅಡಿಯಿಂದ ಎರಡು ಕಾಲು ಹೊರಬಂದಿರುವುದನ್ನು ನೋಡಿ ಅವನಿಗೆ ಏನನ್ನಿಸಿತೋ. ಮಾಲಕರನ್ನು ಕೂಗಿದ. ಒಂದು ಎಳೆ ಉಳಿದಿದೆ ನೋಡಿ, ನಾನು ಹೇಳಿರಲಿಲ್ಲವೇ ಎಂದು ಶುರು ಮಾಡಿದ. ನಾನು ಹೊರಬಂದು, ಗೀರು ಇದ್ದ ಜಾಗದ ಎದುರಿಗೆ ಹಣಿಗೆಯಲ್ಲಿ ಬೆರಳಿಟ್ಟೆ. ಹಣಿಗೆ ಎಂದರೆ ಎಳೆಗಳೆಲ್ಲ ಸಾಲಾಗಿ ತೂರಿ ಬರುವ ಉಕ್ಕಿನ ಬಾಚಣಿಗೆ. ಅದರ ಒಂದು ಸಂದು ಖಾಲಿಯಿತ್ತು. ಅದರ ಹಿಂದೆ, ಎಳೆಯನ್ನು ಮೇಲೆ ಕೆಳಗೆ ಎತ್ತುವ ತಂತಿಯ ಕಣ್ಣು ಸವೆದು ಹರಿತವಾಗಿ ನಿಂತಿತ್ತು. ನೂಲು ಹಾಕಿದರೆ ಕಡಿಯುತ್ತಿತ್ತು. ಅದಕ್ಕೇ ಯಾರೋ ಆ ಎಳೆಯನ್ನೇ ಕೈಬಿಟ್ಟು ಮಗ್ಗ ಓಡಿಸಿದ್ದರು. ಮುಂದಿನ ಬೀಮಿಗೆ ಸರಿಮಾಡಿದರಾಯಿತು ಎಂದುಕೊಂಡಿದ್ದರು. ಮುಂದಿನ ಬೀಮು ಬಂದಾಗ ಕೂಡಿಸುವವರಿಗೆ ಕೊನೆಯ ಅಂಚಿನಲ್ಲಿ ಒಂದು ಎಳೆ ಉಳಿಯುತ್ತದೆ, ಅವರು ಕತ್ತರಿಸಿ ಒಗೆಯುತ್ತಾರೆ. ಬೀಮಿನ ಮೇಲೆ ಬೀಮು ಬಂದರೂ ಆ ಕಣ್ಣು ಖಾಲಿಯೇ. ಉಳಿದ ಎಳೆಯನ್ನು ಕತ್ತರಿಸದೆ ಅದು ಯಾಕೆ ಉಳಿಯಿತು ಎಂದು ಯಾರೂ ಕೇಳಿರಲಿಲ್ಲ.

ಮಾಲಕರು ಮೂಲೆಯ ರಾಶಿಯಿಂದ ಆ ಮಗ್ಗದ ಒಂದು ತಾಕಾ ಬಟ್ಟೆ ಎಳೆದು ಬಾಗಿಲ ಬೆಳಕಿಗೆ ಹಿಡಿದರು. ಗೀರಿತ್ತು. ಇನ್ನೊಂದು ಎಳೆದರು, ಅದರಲ್ಲೂ ಇತ್ತು. ಜಾಬರ್ ಕಡೆ ತಿರುಗಿ ಎಷ್ಟು ದಿನದಿಂದ ಎಂದು ಕೇಳಿದರು.

ಇದೊಂದಕ್ಕೆ ನಾನು ಅವನನ್ನು ಇಂದಿಗೂ ಮೆಚ್ಚುತ್ತೇನೆ, ಅವನು ಬೇರೆಯವರ ಮೇಲೆ ಹಾಕಲಿಲ್ಲ. "ಮೂರ ಬೀಮ ಆತ್ರಿ," ಎಂದ. "ತಂತಿ ಬದಲಿ ಮಾಡೋದ ನನ್ನ ಕೆಲಸ ಇತ್ತರಿ. ಆಮ್ಯಾಲ ಮಾಡೋಣ ಅಂತ ಬಿಟ್ಟಿದ್ನಿ."

ಮಾಲಕರು ನಮಗೆ ಶಹಬ್ಬಾಸ್ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಗಡಿಯಾರ ನೋಡಿದರು. ಅದೇ ಆ ಊರಿನ ಸ್ವಭಾವ. ಯಾರದು ತಪ್ಪು ಎಂಬುದು ಮುಗಿಯಿತು, ಕರೆಂಟು ಬರುವುದರೊಳಗೆ ಮಗ್ಗ ಸಿದ್ಧವಾಗಬೇಕು ಎಂಬುದು ಉಳಿದಿತ್ತು.

ಜಾಬರ್ ಡಬ್ಬಿಯಿಂದ ಹೊಸ ತಂತಿ ತಂದು ಹಾಕಿದ. ನಡುವೆ ಉಳಿದ ಎಳೆಯನ್ನೇ ಅಡ್ಡ ಎಳೆದುಕೊಂಡು ಆ ಕಣ್ಣಿಗೆ ಹಾಕಿದರೆ ಎರಡು ನಿಮಿಷದ ಕೆಲಸ ಎಂದು ಸಲಹೆ ಕೊಟ್ಟ. ಅಡ್ಡ ಹೋದ ಎಳೆ ಪಕ್ಕದವನ್ನು ಉಜ್ಜಿ ಉಜ್ಜಿ ತುಂಡು ಮಾಡುತ್ತದೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೀರಿನಿಂದ ನಡುವಿನವರೆಗೆ ಕೂಡಿಸಿದ್ದನ್ನೆಲ್ಲ ಬಿಚ್ಚಿ, ಒಂದೊಂದು ಎಳೆಯನ್ನೂ ಒಂದು ಮನೆ ಸರಿಸಿ ಮತ್ತೆ ಕೂಡಿಸುತ್ತೇವೆ ಎಂದೆ. ವೈನಿ ಒಂದು ನಿಟ್ಟುಸಿರು ಬಿಟ್ಟು ಬೂದಿಗೆ ಕೈ ಹಾಕಿದಳು.

ಬಿಚ್ಚುವುದು ಮುಗಿದ ಮೇಲೆ ಹೊಸ ಕಣ್ಣಿಗೆ ಮೊದಲ ಎಳೆ ತೂರಿಸಬೇಕಿತ್ತು. ಅದಕ್ಕೆ ತೆಳ್ಳಗಿನ ಉಕ್ಕಿನ ಕೊಕ್ಕೆ ಬೇಕು. ಅದು ಜಾಬರ್‌ನ ಅಂಗಿಯ ಕಿಸೆಯಲ್ಲಿತ್ತು. ಅವನು ಅದನ್ನು ತೆಗೆದು ತಾನೇ ಬಾಗಿದ.

ನಾನು ಕೈ ಚಾಚಿದೆ. "ಕೊಕ್ಕೆ ಇತ್ತ ಕೊಡ್ರಿ. ನಾನ ಎಳೀತೀನಿ."

ಅವನು ಮಾಲಕರ ಮುಖ ನೋಡಿದ. ಮಾಲಕರು ಬೇರೆ ಕಡೆ ನೋಡಿದರು. ಕೊಕ್ಕೆ ನನ್ನ ಕೈಗೆ ಬಂತು. ಕಣ್ಣಿನೊಳಗಿಂದ ಎಳೆ ಬಂತು, ಹಣಿಗೆಯ ಖಾಲಿ ಸಂದಿನೊಳಗಿಂದ ಬಂತು. ಆಮೇಲೆ ವೈನಿ ಮತ್ತು ನಾನು ತಲೆ ಎತ್ತಲಿಲ್ಲ. ಅಷ್ಟು ವೇಗದಲ್ಲಿ ನಾನು ಹಿಂದೆಯೂ ಕೆಚ್ಚಿರಲಿಲ್ಲ, ಮುಂದೆಯೂ ಕೆಚ್ಚಲಿಲ್ಲ. ಈ ಸಲ ಕೊನೆಯ ಹಳೆ ಎಳೆಗೆ ಕೊನೆಯ ಹೊಸ ಎಳೆ ಬಂದು ಕೂತಿತು. ನಡುವೆ ಏನೂ ಉಳಿಯಲಿಲ್ಲ. ಬೆಲ್ಲ ತಿನ್ನಲು ಹೊತ್ತಿರಲಿಲ್ಲ, ವೈನಿ ಇಡೀ ಉಂಡೆಯನ್ನು ನನ್ನ ಬಾಯಿಗೆ ತುರುಕಿ ಹಾಸನ್ನು ಮುಂದಕ್ಕೆ ಎಳೆಯಲು ಹೋದಳು. ಕೂಡಿಸಿದ ಜಾಗಗಳು ಕಣ್ಣು ದಾಟಿ, ಹಣಿಗೆ ದಾಟಿ ಬಂದವು. ಏಳೆಂಟು ಹರಿದವು, ಅವನ್ನು ಗಂಟು ಹಾಕಿದೆವು.

ಆಗ ಕರೆಂಟು ಬಂತು. ಮೊದಲು ಓಣಿಯ ಆ ತುದಿಯ ಒಂದು ಶೆಡ್ಡು ಖಟಪಟ ಎಂದಿತು. ಆಮೇಲೆ ಈ ತುದಿಯದು, ಎದುರಿನದು, ಹಿಂದಿನ ಓಣಿಯದು. ನೋಡುನೋಡುತ್ತಿದ್ದಂತೆ ಇಡೀ ಇಚಲಕರಂಜಿ ಎದ್ದು ನಿಂತಿತು, ನೆಲ ಅದುರಿತು. ನಮ್ಮ ಶೆಡ್ಡಿನಲ್ಲಿ ಒಂದನೇ ಮಗ್ಗ ಶುರುವಾಯಿತು, ಮೂರನೆಯದು ಶುರುವಾಯಿತು. ಜಾಬರ್ ಎರಡನೆಯದರ ಹಿಡಿಕೆ ಎಳೆದ. ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. ಅಂಥ ಸಾವಿರ ಸಾವಿರ ಮಗ್ಗಗಳ ಗದ್ದಲದಲ್ಲಿ ನಮ್ಮ ಮಗ್ಗದ ಸದ್ದು ನನಗೆ ಬೇರೆಯಾಗಿ ಕೇಳಿಸಿತು. ನಾನು ಯಾರಿಗೂ ಹೆದರದೆ ಹೇಳುತ್ತೇನೆ, ನನಗೆ ಅಲ್ಲೇ ಕುಣಿಯಬೇಕೆನ್ನಿಸಿತ್ತು. ವೈನಿ ಅಳುತ್ತಿದ್ದಳು, ಕೇಳಿದರೆ ಹತ್ತಿಯ ಧೂಳು ಎಂದಳು.

ಮೊಳ ಬಟ್ಟೆ ಬಂದ ಮೇಲೆ ಮಾಲಕರು ಎಪ್ಪತ್ತರ ಮೊಣಕಾಲನ್ನು ನೆಲಕ್ಕೂರಿ ಮಗ್ಗದ ಅಡಿಯಿಂದ ಮೇಲಕ್ಕೆ ನೋಡಿದರು. ತುಂಬ ಹೊತ್ತು ನೋಡಿದರು. ಧೋತರ ಝಾಡಿಸಿಕೊಂಡು ಎದ್ದು, ನಾಳೆಯಿಂದ ಕಾಂಡಿಗೆ ಬೇರೆಯವರನ್ನು ನೋಡಬೇಕು ಎಂದು ಕೂಗಿ ಹೇಳಿದರು. ಅವರ ಶಹಬ್ಬಾಸ್ ಅಷ್ಟೇ.

ಹೊರಡುವ ಮೊದಲು ನಾನು ಜಾಬರ್‌ನ ಹತ್ತಿರ ಹೋಗಿ ಕೊಕ್ಕೆ ಚಾಚಿದೆ. ಅವನು ನಾಲ್ಕನೇ ಮಗ್ಗದ ಪಟ್ಟಿ ಬಿಗಿಯುತ್ತಿದ್ದ. ಕೊಕ್ಕೆ ನೋಡಿದ, ನನ್ನ ಎಣ್ಣೆ ಮೆತ್ತಿದ ಸೀರೆ ನೋಡಿದ, ತೆಗೆದುಕೊಳ್ಳಲಿಲ್ಲ. ಗದ್ದಲದಲ್ಲಿ ಕೇಳಿಸಲೆಂದು ನನ್ನ ಕಡೆ ಬಾಗಿದ.

"ಇರ್ಲಿ, ನಿಮ್ಮ ಹಂತ್ಯಾಕ ಇರ್ಲಿ. ನಾಳೆ ಆರನೇ ಮಗ್ಗದ ಬೀಮ ಮುಗೀತೈತಿ. ಎಂಟಕ್ಕ ಬರ್ರಿ."

ನಾನು ಕೊಕ್ಕೆಯನ್ನು ಸೆರಗಿನ ತುದಿಯಲ್ಲಿ ಇಟ್ಟು ಬಿಗಿಯಾಗಿ ಗಂಟು ಹಾಕಿಕೊಂಡೆ.